ಬೊಮ್ಮನಹಳ್ಳಿಯಲ್ಲಿ ನಾನು ಹೊಲಿದ ಜೇಬುಗಳು

ಮೊನ್ನೆ ನೆಂಟರ ಮದುವೆಗೆಂದು ನಮ್ಮವರಿಗೆ ಒಂದು ಹೊಸ ಅಂಗಿ ತಂದೆವು. ಗುಂಡುಸೂಜಿಗಳನ್ನು ಕಿತ್ತು, ಕಾಲರಿನೊಳಗಿನ ರಟ್ಟು ತೆಗೆದು, ಒಮ್ಮೆ ಕೊಡವಿ ಹಿಡಿದಾಗ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಕಣ್ಣಿಗೆ ಬಿದ್ದದ್ದು ಜೇಬು. ಎಡಗಡೆಯ ಮೂಲೆ ಒಂದೆಳೆ ಕೆಳಗಿಳಿದಿತ್ತು.

“ಜೇಬು ವಾರೆ ಆಗೇತಿ, ಬದಲಾಯಿಸ್ಕೊಂಡು ಬರ್ರಿ” ಎಂದೆ.

ನಮ್ಮವರು ಕನ್ನಡಕ ಏರಿಸಿ ನೋಡಿದರು. “ಮದುವಿಗೆ ಬಂದೋರು ಊಟ ಬಿಟ್ಟು ನನ್ನ ಜೇಬು ನೋಡ್ತಾರೇನು?”

ಯಾರೂ ನೋಡುವುದಿಲ್ಲ, ನಿಜ. ಜೇಬಿನೊಳಗೆ ಏನಿದೆ ಎಂದು ನೋಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಜೇಬನ್ನೇ ನೋಡುವವರು ಅದನ್ನು ಹೊಲಿದವರು ಮಾತ್ರ. ನಾನು ಹೊಲಿದಿದ್ದೇನೆ. ಮನೆಯಲ್ಲಿ ಬ್ಲೌಸು, ಲಂಗ, ದಿಂಬಿನ ಚೀಲಗಳ ನಡುವೆ ಹೊಲಿದದ್ದಲ್ಲ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಸಾಲಿನಲ್ಲಿ ಕೂತು, ಸೂಪರ್‌ವೈಸರನಿಂದ ಬೈಸಿಕೊಂಡು ಹೊಲಿದದ್ದು. ಇದನ್ನು ನಮ್ಮ ಬಳಗದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅವರ ಲೆಕ್ಕದಲ್ಲಿ ನಾನು ಆ ಕಾಲದಲ್ಲಿ ಗಂಡನ ಜೊತೆ ಬೆಂಗಳೂರು ನೋಡಲು ಹೋಗುತ್ತಿದ್ದ ಪುಣ್ಯವಂತೆ.

ಆ ಪುಣ್ಯದ ಕಥೆಯನ್ನು ನಿಮಗೆ ಸ್ವಲ್ಪ ಹೇಳಬೇಕು. ತೊಂಬತ್ತರ ದಶಕದ ನಡುವಿನ ಮಾತು. ನಮ್ಮದು ದಾವಣಗೆರೆ. ನಮ್ಮವರು ಉಗಿಯ ಬಾಯ್ಲರ್ ಮಾರುವ ಕಂಪನಿಯೊಂದರಲ್ಲಿ ಎಂಜಿನಿಯರು. ಬಾಯ್ಲರ್ ಎಂದರೆ ಸ್ನಾನದ ಮನೆಯದಲ್ಲ, ಒಂದು ಕೋಣೆಯಷ್ಟು ದೊಡ್ಡದು; ಔಷಧಿ ಕಾರ್ಖಾನೆಗೆ, ಬಣ್ಣ ಹಾಕುವವರಿಗೆ, ಬಟ್ಟೆ ಇಸ್ತ್ರಿ ಮಾಡುವ ಕಾರ್ಖಾನೆಗಳಿಗೆ ಬೇಕಾದ್ದು. ಅದನ್ನು ಮಾರಲು ಅವರು ಆಗಾಗ ಬೆಂಗಳೂರಿಗೆ ಹೋಗಬೇಕಿತ್ತು. ಮದುವೆಯಾಗಿ ಎರಡನೇ ವರ್ಷದಲ್ಲಿ ನಮ್ಮತ್ತೆ, “ಹೋಟೆಲ್ ಊಟ ಮಾಡಿ ನನ್ನ ಮಗ ಸೊರಗ್ಯಾನೆ, ನೀನೂ ಜೊತಿಗೆ ಹೋಗು” ಎಂದರು. ಮಗ ಸೊರಗಿದ್ದು ನನಗೇನೂ ಕಂಡಿರಲಿಲ್ಲ. ಬೆಂಗಳೂರಿನಲ್ಲಿ ಅವರು ಕೆಟ್ಟು ಹೋಗದಂತೆ ಕಾಯಲು ನನ್ನನ್ನು ಕಳಿಸುತ್ತಿದ್ದಾರೆ ಎಂಬುದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ನನ್ನನ್ನು ಯಾರು ಕಾಯಬೇಕು ಎಂಬುದನ್ನು ಯಾರೂ ಯೋಚಿಸಲಿಲ್ಲ.

ಅಕ್ಕಪಕ್ಕದವರ ಹೊಟ್ಟೆಕಿಚ್ಚಿಗೆ ಮಿತಿಯಿರಲಿಲ್ಲ. ಲಾಲ್‌ಬಾಗು, ವಿಧಾನಸೌಧ, ರೇಷ್ಮೆ ಸೀರೆಯ ಅಂಗಡಿಗಳು ಎಂದು ಅವರೇ ಎಣಿಸಿ ಹೇಳುತ್ತಿದ್ದರು. ಆದರೆ ಲಾಲ್‌ಬಾಗಿನಲ್ಲಿ ಯಾರೂ ಬಾಯ್ಲರ್ ಕೊಳ್ಳುವುದಿಲ್ಲವಲ್ಲ! ನಮ್ಮವರ ಬೆಂಗಳೂರು ಊರಿನ ಅಂಚಿನಲ್ಲಿತ್ತು. ಒಮ್ಮೆ ಪೀಣ್ಯ, ಒಮ್ಮೆ ವೈಟ್‌ಫೀಲ್ಡು, ಒಮ್ಮೆ ಹೊಸೂರು ರಸ್ತೆ. ಬೆಳಿಗ್ಗೆ ಟೈ ಕಟ್ಟಿಕೊಂಡು ಹೊರಡುವಾಗ ಅವರು ಪ್ರತಿ ಸಲ ಹೇಳುತ್ತಿದ್ದ ಮಾತು ಒಂದೇ: “ಎಲ್ಲೂ ಹೋಗಬ್ಯಾಡ. ಟಿ.ವಿ. ನೋಡು. ಇಲ್ಲೇನೂ ನೋಡೋಂಥದ್ದಿಲ್ಲ.”

ಟಿ.ವಿ.ಯಲ್ಲಿ ಮಧ್ಯಾಹ್ನ ಬರುತ್ತಿದ್ದದ್ದು ಸಾಸಿವೆ ಬೆಳೆಗೆ ಬರುವ ರೋಗದ ಬಗ್ಗೆ ಹಿಂದಿ ಕಾರ್ಯಕ್ರಮ. ಅದನ್ನು ಎರಡು ದಿನ ನೋಡಿದ ಹೆಂಗಸು ಯಾವ ಊರಿನಲ್ಲಾದರೂ ಬೀದಿಗಿಳಿಯುತ್ತಾಳೆ. ನಾನೂ ಇಳಿದೆ. ಪೀಣ್ಯದಲ್ಲಿ ಲೇತ್ ಯಂತ್ರಗಳು ಹೆರೆದು ಎಸೆದ ಕಬ್ಬಿಣದ ಸುರುಳಿಗಳು ಚರಂಡಿಯ ಪಕ್ಕ ಬಿಸಿಲಿಗೆ ಹೊಳೆಯುವುದನ್ನು ನೋಡಿದೆ. ಅಲ್ಲಿಂದ ಸಿಕ್ಕಿದ ಬಸ್ಸು ಹತ್ತಿ ಚಿಕ್ಕಬಾಣಾವರಕ್ಕೆ ಹೋಗಿ, ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು, ನಮ್ಮೂರ ಕಡೆ ಹೋಗುವ ರೈಲಿಗೆ ಸುಮ್ಮನೆ ಕೈ ಬೀಸಿ ಬಂದೆ. ವೈಟ್‌ಫೀಲ್ಡಿನಿಂದ ವರ್ತೂರಿಗೆ ಹೋಗಿ ಕೆರೆ ನೋಡಿದೆ. ಕೆರೆ ದೊಡ್ಡದು, ಕೊಕ್ಕರೆಗಳು ಚೆಂದ, ಆದರೆ ಸೆರಗು ಮೂಗಿಗಿಟ್ಟುಕೊಂಡೇ ನೋಡಬೇಕಿತ್ತು. ಊರಿಗೆ ಬಂದಾಗ ಪಕ್ಕದ ಮನೆಯಾಕೆ, “ಈ ಸಲ ಏನು ನೋಡಿದ್ರಿ?” ಎಂದು ಕೇಳಿದರೆ, “ವರ್ತೂರು” ಎನ್ನುತ್ತಿದ್ದೆ. ಅದು ಯಾವುದೋ ಹೊಸ ಸಿನಿಮಾ ಥಿಯೇಟರು ಎಂದು ಆಕೆ ತಿಳಿದಿದ್ದರು.

ಬೊಮ್ಮನಹಳ್ಳಿಗೆ ಹೋದದ್ದು ಹೀಗೇ ಒಂದು ಸಲ. ನಮ್ಮವರ ಕಂಪನಿ ಅಲ್ಲಿ ಒಬ್ಬ ರೈತರ ಮನೆಯ ಮೇಲಿನ ಮಹಡಿಯನ್ನು ಬಾಡಿಗೆಗೆ ಹಿಡಿದು ಗೆಸ್ಟ್‌ಹೌಸ್ ಎಂದು ಕರೆಯುತ್ತಿತ್ತು. “ಈ ಸಲ ಭಾರೀ ದೊಡ್ಡ ಪಾರ್ಟಿ, ಎಕ್ಸ್‌ಪೋರ್ಟ್ ಮಾಡೋರು” ಎಂದರು ನಮ್ಮವರು. ಯಾರು, ಎಲ್ಲಿ ಎಂದು ಕೇಳಿದೆ. “ನಿನಗ ಅದೆಲ್ಲ ಗೊತ್ತಾಗಂಗಿಲ್ಲ ಬಿಡು” ಎಂದರು. ಅವರು ಗಿರಾಕಿಗಳಿಗೆ ಬರೆಯುವ ಇಂಗ್ಲಿಷ್ ಪತ್ರಗಳನ್ನೆಲ್ಲ ಮನೆಯಲ್ಲಿ ತಿದ್ದಿ ಟೈಪ್ ಮಾಡಿಕೊಡುತ್ತಿದ್ದವಳು ನಾನು. ಆದರೂ ಗೊತ್ತಾಗುವುದಿಲ್ಲ ಎಂದರೆ ಗೊತ್ತಾಗುವುದಿಲ್ಲ. ನಾನು ಬಿಟ್ಟೆ.

ಮಾರನೆಯ ಬೆಳಿಗ್ಗೆ ಅವರು ಹೊರಡುವ ಮೊದಲೇ ನಾನು ಒಂದು ಸುತ್ತು ಹಾಕಿ ಬರೋಣವೆಂದು ಕೆಳಗಿಳಿದೆ. ಹೊಸೂರು ರಸ್ತೆಯ ಅಂಚು ತಲುಪಿದ್ದೇ ತಡ, ಹೆಂಗಸರ ಒಂದು ಹೊಳೆ ನನ್ನನ್ನು ಎತ್ತಿಕೊಂಡಿತು. ಕೈಯಲ್ಲಿ ಊಟದ ಚೀಲ, ಮುಡಿಯಲ್ಲಿ ಕನಕಾಂಬರ, ಕಾಲಿನಲ್ಲಿ ಓಟಕ್ಕಿಂತ ಸ್ವಲ್ಪ ಕಡಿಮೆ ನಡಿಗೆ. ಎದುರು ನಡೆಯುವುದು ಸಾಧ್ಯವಿರಲಿಲ್ಲ. ನಾನೂ ಅವರ ಜೊತೆಯೇ ನಡೆದೆ. ಪಕ್ಕದಲ್ಲಿದ್ದ, ಇಪ್ಪತ್ತು ದಾಟಿರಬಹುದಾದ ಹುಡುಗಿ ನನ್ನ ಕಡೆ ತಿರುಗಿದಳು.

“ಒಸಬ್ರಾ ಅಕ್ಕ? ಟೇಲರಾ, ಎಲ್ಪರಾ?”

ನಾನು ಸುಮ್ಮನೆ ನಿಜ ಹೇಳಿದೆ. “ಹೊಲಿಯೋಕೆ ಬರುತ್ತೆ.”

“ಅಂಗಾರೆ ಬನ್ನಿ ಬಿರ್ರನೆ. ಸಿಪ್ಮೆಂಟು ಐತೆ, ಮಾಲು ಓಗ್ಬೇಕು, ಬಂದೋರ್ನೆಲ್ಲಾ ತಕತಾವ್ರೆ. ಗೇಟ್ ಆಕ್ಬುಡ್ತಾನೆ!” ಎಂದು ನನ್ನ ಮುಂಗೈ ಹಿಡಿದು ಎಳೆದಳು. ಅವಳ ಹೆಸರು ರತ್ನ. ಅದು ನನಗೆ ತಿಳಿಯುವ ಹೊತ್ತಿಗೆ ನಾವು ಗೇಟಿನ ಒಳಗಿದ್ದೆವು, ಗೇಟು ನಮ್ಮ ಹಿಂದೆ ಮುಚ್ಚಿತ್ತು, ಬೀಗವೂ ಬಿದ್ದಿತ್ತು.

“ನಾನು ಕೆಲಸಕ್ಕೆ ಬಂದಿಲ್ಲ” ಎಂದು ಕಾವಲಿನವನಿಗೆ ಹೇಳಲು ಹೋದೆ. “ಎಲ್ರೂ ಇಂಗೇ ಯೋಳೋದು, ನಡಿಯಮ್ಮ” ಎಂದ. ಹೊರಗೆ ಹೋಗುವ ದಾರಿ ಇಲ್ಲದ ಮೇಲೆ ಒಳಗೆ ಹೋಗಿ ನೋಡುವುದೇ ಸರಿ ಅನ್ನಿಸಿತು. ಊರು ಸುತ್ತುವವರ ಧರ್ಮವೇ ಅದು.

ಒಳಗೆ ಒಂದು ಮೈದಾನದಷ್ಟು ಜಾಗ, ಸಾಲು ಸಾಲು ಯಂತ್ರಗಳು, ಜೇನುಗೂಡಿನೊಳಗೆ ತಲೆಯಿಟ್ಟ ಹಾಗೆ ಸದ್ದು. ಸೂಪರ್‌ವೈಸರ್ ನನ್ನ ಕೈಗೆ ಎರಡು ತುಂಡು ಬಟ್ಟೆ ಕೊಟ್ಟು ಒಂದು ಯಂತ್ರದ ಮುಂದೆ ಕೂರಿಸಿದ. ನಾನು ಹೊಲಿಗೆ ಕಲಿತವಳೇ, ನಮ್ಮ ಬೀದಿಯಲ್ಲಿ ನನ್ನ ಬ್ಲೌಸಿಗೆ ಹೆಸರಿತ್ತು. ಆದರೆ ನನ್ನದು ಕಾಲಿನಲ್ಲಿ ತುಳಿಯುವ ಮೆಷಿನ್ನು. ಇದು ಕರೆಂಟಿನದು. ಪಾದ ತಾಗಿಸಿದ್ದೇ ತಡ, ಗೂಳಿಯ ಹಾಗೆ ನುಗ್ಗಿ, ಬಟ್ಟೆಯನ್ನು ದಾಟಿ ಆಚೆ ಹೋಗಿ ನಿಂತಿತು.

“ಏನಮ್ಮಾ ಇದು, ಜೇಬಾ, ಹೊಸೂರ್ ರೋಡಾ?” ಎಂದ ಸೂಪರ್‌ವೈಸರ್. ಸಾಲಿನವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ನನ್ನ ಹೊಲಿಗೆಗೆ ಹುಟ್ಟಿದಂದಿನಿಂದ ಯಾರೂ ನಕ್ಕಿರಲಿಲ್ಲ. ಇನ್ನೊಂದು ತುಂಡು ಕೇಳಿ ತೆಗೆದುಕೊಂಡು, ಉಸಿರು ಹಿಡಿದು, ಪಾದವನ್ನು ಮೊಟ್ಟೆಯ ಮೇಲಿಟ್ಟ ಹಾಗೆ ಇಟ್ಟು ಹೊಲಿದೆ. ಅವನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಹೊಗಳಲಿಲ್ಲ. “ಪಾಕೆಟ್‌ನಲ್ಲಿ ಕೂತ್ಕೊ” ಎಂದ.

ನಿಮಗೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ನೀವೇ ಯೋಚಿಸಿ: ಅಲ್ಲಿಯವರೆಗೆ ನಾನು ಕೂತ ಜಾಗಗಳೆಲ್ಲ ಯಾರದೋ ಮಗಳು, ಯಾರದೋ ಸೊಸೆ, ಯಾರದೋ ಜೊತೆಗೆ ಬಂದವಳು ಎಂದು ಸಿಕ್ಕ ಜಾಗಗಳು. ನನ್ನ ಕೈ ನೋಡಿ ಯಾರೋ ಕೂರು ಎಂದದ್ದು ಅದೇ ಮೊದಲು. ತಲೆಗೆ ಒಂದು ನೀಲಿ ಬಟ್ಟೆ ಕಟ್ಟಿಸಿದರು. ಸಂಜೆಯವರೆಗೂ ಜೇಬು ಹೊಲಿದೆ. ಬರೀ ಜೇಬು. ಅದು ಯಾವ ಅಂಗಿಯ ಮೇಲೆ ಕೂರುತ್ತದೆ, ಆ ಅಂಗಿ ಯಾವ ದೇಶಕ್ಕೆ ಹೋಗುತ್ತದೆ, ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಯಂತ್ರ ರತ್ನಳದು. ಊಟದ ಹೊತ್ತಿನಲ್ಲಿ ತನ್ನ ಡಬ್ಬಿಯ ಮುದ್ದೆಯನ್ನು ಮುರಿದು ಕೊಟ್ಟಳು. “ನಮ್ ರಾಗಿ ಒಲ ಇಲ್ಲೇ ಇತ್ತು ಅಕ್ಕ. ಆ ಕಟಿಂಗ್ ಸೆಕ್ಸನ್ ಐತಲ್ಲ, ಅಲ್ಲೇ. ನಮ್ಮಪ್ಪ ಮಾರ್ದಾಗ ಮನೆಗೊಂದು ಕೆಲ್ಸ ಅಂದಿದ್ರು. ಕೊಟ್ಟವ್ರೆ ನೋಡಿ” ಎಂದು ತನ್ನ ಯಂತ್ರವನ್ನು ತಟ್ಟಿದಳು. ಅಳುತ್ತಾ ಹೇಳಲಿಲ್ಲ, ಬಾಯ್ತುಂಬ ತುತ್ತಿಟ್ಟುಕೊಂಡು ನಗುತ್ತಾ ಹೇಳಿದಳು.

ಸಂಜೆ ನಮ್ಮವರು ಮುಖ ಸಪ್ಪಗೆ ಮಾಡಿಕೊಂಡು ಬಂದರು. “ಇವತ್ತು ಮ್ಯಾನೇಜರ್ ಸಿಗಲಿಲ್ಲ. ಹೊರಗೆ ಕೂರಿಸ್ಯಾರೆ. ನೀ ಬೆಳಿಗ್ಗೆ ಎಲ್ಲಿಗೆ ಹೋಗಿದ್ದಿ?”

“ಇಲ್ಲೇ ಹತ್ತಿರ.”

“ಆಮ್ಯಾಲೆ ಇಡೀ ದಿನ ಏನು ಮಾಡಿದಿ? ಮಲಗಿದ್ದೇನು?”

“ಇಲ್ಲ, ಕೂತಿದ್ದೆ” ಎಂದೆ. ಅದರಲ್ಲಿ ಸುಳ್ಳು ಒಂದು ಅಕ್ಷರವೂ ಇರಲಿಲ್ಲ. ಸೊಂಟವೇ ಸಾಕ್ಷಿ ಹೇಳುತ್ತಿತ್ತು.

ಮರುದಿನ ನಾನು ಹೋಗಬೇಕಾದ ಅಗತ್ಯವೇನಿರಲಿಲ್ಲ. ಆದರೆ ರಸ್ತೆಯ ತಿರುವಿನಲ್ಲಿ ರತ್ನ ಕಾಯುತ್ತಿದ್ದಳು. ಹೋದೆ. ಅದರ ಮರುದಿನವೂ ಹೋದೆ. ಅಷ್ಟರಲ್ಲಿ ನನ್ನ ಉತ್ಸಾಹದ ಬಣ್ಣ ಮಾಸತೊಡಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಬಚ್ಚಲಿಗೆ ಹೋಗಲು ಕೈಯೆತ್ತಿ ಅಪ್ಪಣೆ ಕೇಳಬೇಕು. ಹಿಂತಿರುಗುವುದು ತಡವಾದರೆ ಎಲ್ಲರ ಮುಂದೆ ಅದರ ವಿವರ ಕೊಡಬೇಕು. ನಾನಾದರೋ ಬೇಸರವಾದ ದಿನ ಗೆಸ್ಟ್‌ಹೌಸಿನಲ್ಲಿ ಸಾಸಿವೆ ಬೆಳೆ ನೋಡುತ್ತಾ ಉಳಿಯಬಲ್ಲವಳು. ಬೇರೆಯವರ ದುಡಿಮೆ ನನಗೆ ಪ್ರವಾಸವಾಗಿತ್ತು. ಬೇರೆಯವರು ಊಟಿಗೆ ಹೋಗುತ್ತಾರೆ, ನಾನು ಪಾಕೆಟ್ ಸೆಕ್ಷನ್ನಿಗೆ ಬಂದಿದ್ದೆ, ಅಷ್ಟೇ ವ್ಯತ್ಯಾಸ.

ಆ ದಿನ ಊಟವಾಗಿ ಸ್ವಲ್ಪ ಹೊತ್ತಿಗೆ ಪಕ್ಕದ ಯಂತ್ರ ತಟ್ಟನೆ ನಿಂತಿತು. ರತ್ನ ಕೂಗಲಿಲ್ಲ. ಸೂಜಿ ಅವಳ ತೋರುಬೆರಳಿನ ಉಗುರನ್ನು ತೂರಿ ಕೆಳಗಿಳಿದು ಒಳಗೇ ಮುರಿದಿತ್ತು. ಮುಖ ಬಿಳುಚಿಕೊಂಡು, ಬೆರಳನ್ನು ಬಟ್ಟೆಯಿಂದ ದೂರ ಹಿಡಿದಿದ್ದಳು. ರಕ್ತ ತಾಗಿ ಜೇಬು ಹಾಳಾದರೆ ಅದಕ್ಕೂ ಬೈಗುಳ. ಸೂಪರ್‌ವೈಸರ್ ಬಂದು ನೋಡಿ, “ಎಣ್ಣೆ ಹಚ್ಚಿ ಟೇಪ್ ಸುತ್ಕೋ. ಇವತ್ತು ಗೇಟ್ ತೆಗೆಯಲ್ಲ, ಶಿಪ್‌ಮೆಂಟು” ಎಂದ.

“ಸಾರ್, ಒಳ್ಗೇ ಐತೆ ಸಾರ್ ಸೂಜಿ” ಎಂದಳು ರತ್ನ.

“ಸಂಜೆ ಹೋಗ್ತೀಯಲ್ಲ, ಆಗ ತೆಗೆಸ್ಕೋ.”

ನಾನು ಎದ್ದು ನಿಂತೆ. ಧೈರ್ಯದಿಂದಲ್ಲ. ಸಿಟ್ಟಿನಲ್ಲಿ ಕನ್ನಡ ಪೂರ್ತಿ ಮರೆತು ಹೋಗಿತ್ತು. ಬಾಯಿಗೆ ಬಂದದ್ದು ಇಂಗ್ಲಿಷು. ನನಗೆ ತಡವರಿಸದೆ ಬರುತ್ತಿದ್ದ ಇಂಗ್ಲಿಷೋ ಒಂದೇ ಬಗೆಯದು, ಉತ್ತರ ಕೊಡದ ಗಿರಾಕಿಗಳಿಗೆಂದು ನಮ್ಮವರ ಪರವಾಗಿ ನಾನು ಟೈಪ್ ಮಾಡುತ್ತಿದ್ದ ಎಚ್ಚರಿಕೆಯ ಪತ್ರದ್ದು. ಅದನ್ನೇ ಹೇಳಿದೆ. ಈ ಗಂಭೀರ ವಿಷಯವನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ, ಕೂಡಲೇ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು, ತಪ್ಪಿದಲ್ಲಿ ಸಂಬಂಧಪಟ್ಟ ಮೇಲಧಿಕಾರಿಗಳ ಮುಂದೆ ಇಡುವುದು ನಮಗೆ ಅನಿವಾರ್ಯವಾಗುತ್ತದೆ ಎಂದು, ಒಂದು ಅಲ್ಪವಿರಾಮವನ್ನೂ ಬಿಡದೆ. ಇನ್ನು “ತಮ್ಮ ವಿಶ್ವಾಸಿ” ಎನ್ನುವುದೊಂದು ಬಾಕಿಯಿತ್ತು.

ಸಾಲಿನ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಸೂಪರ್‌ವೈಸರನ ಬಾಯಿ ತೆರೆದೇ ಇತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೇಡಂ... ತಾವು... ಲೇಬರ್ ಆಫೀಸಿಂದಾ?” ಎಂದ.

“ಮೊದಲು ಗೇಟು ತೆಗೆಸಿ” ಎಂದೆ. ಕನ್ನಡ ಮರಳಿ ಬಂದಿತ್ತು.

ಗೇಟು ತೆರೆಯಿತು. ಶಿಪ್‌ಮೆಂಟಿನ ದಿನ ತೆರೆಯುವುದೇ ಇಲ್ಲ ಎಂದಿದ್ದ ಗೇಟು! ಕಾರ್ಖಾನೆಯ ಜೀಪಿನಲ್ಲಿ ರತ್ನ, ಅವಳ ಜೊತೆ ಒಬ್ಬಾಕೆ, ಆಸ್ಪತ್ರೆಗೆ ಹೊರಟರು. ನನ್ನನ್ನು ಮ್ಯಾನೇಜರ್ ಕೋಣೆಯ ಕಡೆ ಕರೆದೊಯ್ದರು, ಅಥವಾ ಮೆರವಣಿಗೆ ಮಾಡಿದರು ಎನ್ನಬೇಕು. ಮುಂದೆ ಸೂಪರ್‌ವೈಸರ್, ನಡುವೆ ತಲೆಗೆ ನೀಲಿ ಬಟ್ಟೆ ಕಟ್ಟಿದ, ಮೈತುಂಬ ದಾರದ ಚೂರು ಅಂಟಿದ ನಾನು. ಹೋಗುವ ದಾರಿಯಲ್ಲಿ, ಕೋಣೆಯ ಹೊರಗಿನ ಸೋಫಾದ ಮೇಲೆ, ಮಡಿಲಲ್ಲಿ ಚೀಲವಿಟ್ಟುಕೊಂಡು, ಟೈ ಸಡಿಲಿಸಿಕೊಂಡು, ತೂಕಡಿಸುತ್ತಾ ಕೂತಿದ್ದವರು ನಮ್ಮವರು.

ನೀವು ನಗಬಹುದು. ನನಗೆ ಆಗ ನಗು ಬರಲಿಲ್ಲ. ಭಾರೀ ದೊಡ್ಡ ಪಾರ್ಟಿ ಎಂದಿದ್ದರಲ್ಲ, ಅದು ಇದೇ. ಗೆಸ್ಟ್‌ಹೌಸಿಗೆ ಹತ್ತಿರವಿದ್ದ ದೊಡ್ಡ ಕಾರ್ಖಾನೆ ಅದೊಂದೇ. ಹೆಸರು ಹೇಳಿದ್ದರೆ ನಾನು ಆ ಗೇಟಿನ ಕಡೆ ತಲೆ ಹಾಕುತ್ತಿರಲಿಲ್ಲ. ಅವರು ಹೊರಗೆ ಕೂತ ಅಷ್ಟೂ ಹೊತ್ತು ನಾನು ಗೋಡೆಯ ಈಚೆ ಜೇಬು ಹೊಲಿಯುತ್ತಿದ್ದೆ.

ಅವರು ಎದ್ದು ನಿಂತರು. ಚೀಲ ಕೆಳಗೆ ಬಿತ್ತು. “ನೀನು... ಇಲ್ಲಿ?”

ಬಾಗಿಲಿಗೆ ಬಂದಿದ್ದ ಮ್ಯಾನೇಜರ್ ಇಬ್ಬರನ್ನೂ ನೋಡಿದರು. “ಮೇಡಂ ನಿಮಗೆ ಗೊತ್ತಾ?”

“ನಮ್ಮ ಮನೆಯವರು” ಎಂದರು ನಮ್ಮವರು, ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ.

ಅಷ್ಟು ದಿನ ತೆರೆಯದ ಆ ಕೋಣೆಯ ಬಾಗಿಲು ಈಗ ಎರಡೂ ಬದಿಗೆ ತೆರೆಯಿತು. ಚಹಾ ಬಂತು, ಬಿಸ್ಕತ್ತು ಬಂತು, ಹುರಿದ ಗೋಡಂಬಿ ಬಂತು. ಮ್ಯಾನೇಜರ್ ಕೈ ಹೊಸೆಯುತ್ತಾ, “ಮೇಡಂ ಯಾವ ಡಿಪಾರ್ಟ್‌ಮೆಂಟು?” ಎಂದು ಕೇಳಿದರು.

ನನಗೆ ಬೇರೆ ಉತ್ತರ ಗೊತ್ತಿರಲಿಲ್ಲ. “ಪಾಕೆಟ್” ಎಂದೆ.

ಅವರ ಕೈ ತಮ್ಮ ಜೇಬನ್ನು ಮುಟ್ಟಿ ನೋಡಿಕೊಂಡಿತು. “ಅದೆಲ್ಲಾ... ಸಾರ್ ಹತ್ರ ಮಾತಾಡ್ಕೋತೀನಿ ಮೇಡಂ” ಎಂದು ನಮ್ಮವರ ಕಡೆ ತಿರುಗಿದರು. “ಸಾರ್, ನಿಮ್ಮ ಬಾಯ್ಲರ್ ವಿಷ್ಯ ನಾನೇ ಹೇಳಿ ಕಳಿಸ್ಬೇಕು ಅಂತಿದ್ದೆ. ಒಂದಲ್ಲ, ಎರಡು ಕೊಟ್ಬಿಡಿ.”

ನಾನು ಇನ್‌ಸ್ಪೆಕ್ಟರ್ ಎಂದು ಹೇಳಲಿಲ್ಲ; ಅಲ್ಲ ಎಂದು ಹೇಳಲು ಯಾರೂ ಸಮಯ ಕೊಡಲಿಲ್ಲ.

ಗೆಸ್ಟ್‌ಹೌಸಿಗೆ ನಡೆದು ಬರುವಾಗ ನಮ್ಮವರಿಗೆ ನಾನು ಎಲ್ಲವನ್ನೂ ಹೇಳಿದೆ: ಹೆಂಗಸರ ಹೊಳೆ, ಗೂಳಿಯಂಥ ಮೆಷಿನ್ನು, ರತ್ನಳ ಬೆರಳು. ಅವರು ಕೇಳಿದ್ದು ಒಂದೇ: “ನಮ್ಮೂರಿನೋರು ಯಾರಾದ್ರೂ ಅಲ್ಲಿ ಇದ್ರೇನು?”

“ಇಲ್ಲ.”

“ಹಂಗಾದ್ರ ಯಾರಿಗೂ ಹೇಳಬ್ಯಾಡ. ನಮ್ಮ ಮನೆತನದ ಸೊಸಿ ಗಾರ್ಮೆಂಟ್ಸಿನಾಗೆ ಕೂತಿದ್ದಳು ಅಂದ್ರೆ ಏನು ಮರ್ಯಾದಿ?” ಬಾಯ್ಲರಿಗೆ ಮಾತ್ರ ಮರ್ಯಾದೆಯ ಪ್ರಶ್ನೆ ಇರಲಿಲ್ಲ.

ಮರುದಿನ ಊರಿಗೆ ಹೊರಡುವ ಮುಂಚೆ ರಸ್ತೆಯ ತಿರುವಿಗೆ ಹೋದೆ. ರತ್ನ ಬಂದಳು, ಬೆರಳಿಗೆ ದಪ್ಪ ಬ್ಯಾಂಡೇಜು. ರಜೆ ಹಾಕಿಲ್ಲವೇ ಎಂದೆ. “ಇನ್ನೊಂಬತ್ತು ಬೆಳ್ಳು ಅವಲ್ಲ ಅಕ್ಕ” ಎಂದಳು. ನಾನು ಯಾರು ಎಂಬ ಸತ್ಯವನ್ನು ಅವಳಿಗೆ ಹೇಳಿದೆ. ಅವಳು ರಸ್ತೆಯ ಮೇಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಯಾರ್ಗೂ ಏಳ್ಬ್ಯಾಡಿ ಅಕ್ಕ. ನಿನ್ನೆ ಸಂಜೆಯಿಂದ ಆ ಸೂಪ್ರವೈಸರ್ರು ನಮ್ಗೆಲ್ಲಾ ಬನ್ನಿ, ಕೂತ್ಕೊಳಿ ಅಂತಾವ್ನೆ. ನಿಮ್ದೊಂದು ಪೋಟೋ ಕೊಟ್ಟೋಗಿ, ಮಿಸನ್ ಮ್ಯಾಲೆ ಅಂಟಿಸ್ಕತೀನಿ.”

“ಈ ಮರ್ಯಾದೆ ಎಷ್ಟು ದಿನ ನಡೆಯುತ್ತೆ ರತ್ನಾ?”

“ನೀವ್ ಯಾರೂ ಅಲ್ಲ ಅಂತ ಗೊತ್ತಾಗೋ ಗಂಟ” ಎಂದು, ಗೇಟಿನ ಕಡೆ ಓಡಿದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಮುಂದೊಮ್ಮೆ ಹುಡುಕಿಕೊಂಡು ಹೋದಾಗ ಆ ಕಾರ್ಖಾನೆ ಬೇರೆಯವರ ಕೈ ಸೇರಿತ್ತು, ಕಾವಲಿನವನು ಹೊಸಬನಾಗಿದ್ದ.

ಎರಡು ಬಾಯ್ಲರಿನಿಂದ ನಮ್ಮವರಿಗೆ ಬಡ್ತಿ ಸಿಕ್ಕಿತು. ಅದರ ಜೊತೆಗೆ ಒಂದು ಕಥೆಯೂ ಸಿಕ್ಕಿತು. ಬೊಮ್ಮನಹಳ್ಳಿಯಲ್ಲಿ ತಾವು ದಿನಗಟ್ಟಲೆ ತಾಳ್ಮೆಯಿಂದ ಕಾದದ್ದು, ಸರಿಯಾದ ಹೊತ್ತು ನೋಡಿ ಮ್ಯಾನೇಜರನ್ನು ಮಾತಿನಲ್ಲಿ ಕಟ್ಟಿಹಾಕಿದ್ದು, ಒಂದು ಕೇಳಿದವನಿಗೆ ಎರಡು ಮಾರಿದ್ದು. ಕಂಪನಿಯ ತರಬೇತಿಯಲ್ಲಿ ಹೇಳಿದರು, ಬೀಗರ ಊಟದಲ್ಲಿ ಹೇಳಿದರು, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಹೇಳಿದರು. ನಾನು ಆ ಕಥೆಯೊಳಗೆ ಎಲ್ಲಿದ್ದೇನೆ ಎಂದು ಕಿವಿಗೊಟ್ಟು ಕೇಳಿದ್ದೇನೆ. ಗೆಸ್ಟ್‌ಹೌಸಿನಲ್ಲಿದ್ದೇನೆ, ಟಿ.ವಿ. ನೋಡುತ್ತಿದ್ದೇನೆ.

ನಾನೂ ಸುಮ್ಮನಿರಲಿಲ್ಲ. ಊರಿಗೆ ಬಂದವಳೇ ನನ್ನ ಮೆಷಿನ್ನಿಗೆ ಮೋಟಾರು ಹಾಕಿಸಿದೆ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾ ಹೊಲಿಯುತ್ತಾ ಒಂದು ಮೆಷಿನ್ನು ನಾಲ್ಕಾಯಿತು, ಮನೆಯ ಹಿಂದಿನ ಶೆಡ್ಡು ಸಾಲದೆ ಬಾಡಿಗೆಯ ಜಾಗ ಹಿಡಿದೆ. ಅಲ್ಲಿ ಬಾಗಿಲಿಗೆ ಬೀಗವಿಲ್ಲ. ನನ್ನ ದೊಡ್ಡತನ ಎಂದು ತಿಳಿಯಬೇಡಿ. ದಾವಣಗೆರೆಯ ಬಿಸಿಲಿಗೆ ಬಾಗಿಲು ಹಾಕಿದರೆ ಎಲ್ಲರೂ ಬೆಂದು ಹೋಗುತ್ತೇವೆ.

ವಾರೆ ಜೇಬಿನ ಅಂಗಿ ಹಾಕಿಕೊಂಡೇ ನಮ್ಮವರು ಆ ಮದುವೆಗೆ ಬಂದರು. ಬೆಂಗಳೂರಿನಲ್ಲಿ ಮದುವೆ ಮುಗಿದ ಮೇಲೆ ನಾನು ಹಳೆಯ ಬಟನ್ ಹೊಲಿಯುವ ಯಂತ್ರವೊಂದನ್ನು ನೋಡಲು ಪೀಣ್ಯಕ್ಕೆ ಹೋಗಬೇಕಿತ್ತು. “ಒಬ್ಬಾಕಿನೇ ಹೋಗೋದು ಬ್ಯಾಡ” ಎಂದು ಅವರೂ ಹೊರಟರು. ನಾನು ಯಂತ್ರದ ಅಂಗಡಿಗಳಲ್ಲಿ ಚೌಕಾಸಿ ಮಾಡುತ್ತಿದ್ದಷ್ಟು ಹೊತ್ತು ಅವರಿಗೆ ಮಾಡಲು ಕೆಲಸವಿರಲಿಲ್ಲ. ಲಾಡ್ಜಿನಲ್ಲಿ ಕೂರಲಾರದೆ ಹೊರಗೆ ಹೋಗಿದ್ದಾರೆ. ಸಿಕ್ಕಿದ ದಾರಿ ಹಿಡಿದು, ಮೆಟ್ರೋ ಕಂಬಗಳ ಕೆಳಗೆ ನಡೆದು, ದಣಿವಾದಾಗ ಯಾವುದೋ ಕಾರ್ಖಾನೆಯ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದಾರೆ. ಸಂಜೆ ಲಾಡ್ಜಿಗೆ ಬಂದಾಗ ಚಪ್ಪಲಿ ಧೂಳಾಗಿತ್ತು, ಮುಖದಲ್ಲಿ ಒಂಥರಾ ನಾಚಿಕೆಯಿತ್ತು.

“ಇವತ್ತು ಒಬ್ಬರ ಹತ್ರ ಬೊಮ್ಮನಹಳ್ಳಿ ಕಥಿ ಹೇಳಿದೆ” ಎಂದರು.

“ಹೊಸದೇನೈತಿ ಅದರಾಗೆ?”

“ಅದಲ್ಲ. ನಿಂದು. ನೀನು ಎದ್ದು ನಿಂತಿದ್ದು, ಇಂಗ್ಲಿಷ್ ಮಾತಾಡಿದ್ದು, ನಿನ್ನಿಂದ ಆರ್ಡರ್ ಸಿಕ್ಕಿದ್ದು. ಇದ್ದಿದ್ದನ್ನ ಇದ್ದಂಗೇ ಹೇಳಿಬಿಟ್ಟೆ.”

ನಾನು ಮಡಚುತ್ತಿದ್ದ ಸೀರೆಯನ್ನು ಹಾಗೇ ಹಿಡಿದು ಕೂತೆ. ಇಷ್ಟು ವರ್ಷಗಳಾದ ಮೇಲೆ!

“ಯಾರಿಗೆ ಹೇಳಿದ್ರಿ?”

“ಅಲ್ಲೊಬ್ಬ ಸೆಕ್ಯುರಿಟಿಯೋನು. ಪಾಪ, ಒಳ್ಳೇ ಮನುಷ್ಯ. ಪೂರ್ತಿ ಕೇಳಿದ. ಒಡಿಶಾ ಕಡೆಯೋನಂತೆ, ಬಂದು ವಾರ ಆಗೇತಿ.”

“ಅವನಿಗೆ ಕನ್ನಡ ಬರುತ್ತೇನು?”

ನಮ್ಮವರು ಕಾಲು ತೊಳೆಯಲು ಬಚ್ಚಲಿಗೆ ಹೋಗುತ್ತಾ, ಬಾಗಿಲ ಹತ್ತಿರ ನಿಂತು, “ಒಂದಕ್ಷರನೂ ಬರಂಗಿಲ್ಲ” ಎಂದರು.